ನನ್ನ ಕಾಡಿಗೆ, ಅವರ ಸುರ್ಮಾ

ಮುಸ್ಕಾನ್, ಆ ವರ್ಷ ನಮ್ಮ ಅಂಗನವಾಡಿಯ ಮಕ್ಕಳಿಗೆಲ್ಲ ಕಣ್ಣು ಬಂದದ್ದು ನಿನ್ನಿಂದಲ್ಲ. ನನ್ನ ಮಗಳಿಂದ. ಅದನ್ನು ಎಲ್ಲರಿಗೂ ಹಚ್ಚಿದವಳು ನಾನು — ಇದೇ ಬಲಗೈಯ ಬೆರಳಿನಿಂದ, ಒಬ್ಬೊಬ್ಬರನ್ನೇ ತೊಡೆಯ ಮೇಲೆ ಕೂರಿಸಿಕೊಂಡು. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ಹನ್ನೆರಡು ವರ್ಷ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ — ಮರೆತೇ ಬಿಟ್ಟಿದ್ದೆ. ಹೋದ ವಾರ ಬಸ್ಸಿನಲ್ಲಿ ನೀನು ಆ ಮಾತು ಹೇಳದಿದ್ದರೆ ಸಾಯುವತನಕ ನನಗೆ ನೆನಪೇ ಆಗುತ್ತಿರಲಿಲ್ಲವೇನೋ.

ನಿನಗೆ ಆಗ ಎರಡು ವರ್ಷ. ಏನೂ ನೆನಪಿರಲಿಕ್ಕಿಲ್ಲ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಭಾಲ್ಕಿ ಹತ್ತಿರದ ನಮ್ಮ ಹಳ್ಳಿಯ ಅಂಗನವಾಡಿಯಲ್ಲಿ ನಾನು ಟೀಚರ್, ನಿಮ್ಮ ಅಮ್ಮಿ ರೆಹಾನಾ ಸಹಾಯಕಿ. ಮಕ್ಕಳಿಗೆ ಅಡುಗೆ ಮಾಡುವುದು, ಮುಖ ತೊಳೆಸುವುದು, ಬರಲೊಲ್ಲೆ ಎಂದು ಅಳುವವರನ್ನು ಮನೆಯಿಂದ ಎತ್ತಿಕೊಂಡು ಬರುವುದು, ಎಲ್ಲ ಅವಳದೇ. ನೀನೂ ನನ್ನ ಪಿಂಕಿಯೂ ಒಂದೇ ವಾರಿಗೆಯವರು. ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಿರಿ.

ಒಂದು ದಿನ ಬೆಳಿಗ್ಗೆ ಪಿಂಕಿ ಎದ್ದಾಗ ಕಣ್ಣೇ ತೆರೆಯಲಿಲ್ಲ. ಹಳದಿ ಪಿಸುರು ರೆಪ್ಪೆಗೆ ಅಂಟಿ ಒಣಗಿತ್ತು. ಬಿಸಿನೀರಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಕಣ್ಣು ತೆರೆದಳು, ಆದರೆ ಒಳಗೆಲ್ಲ ಕೆಂಪು. ಮನೆಯಲ್ಲಿ ಬಿಟ್ಟುಹೋಗೋಣವೆಂದರೆ ಯಾರೂ ಇರಲಿಲ್ಲ — ನೋಡು, ಇಲ್ಲೂ ಸುಳ್ಳು ಬರೆಯಲು ಹೊರಟೆ. ಅತ್ತೆ ಇದ್ದರು. ಅವತ್ತು ಮಕ್ಕಳ ತೂಕ ಮಾಡುವ ದಿನ. ಮೇಲಿನವರು ಬಂದು ಫೋಟೋ ತೆಗೆಯುವವರಿದ್ದರು. ಆ ಫೋಟೋದಲ್ಲಿ ನನ್ನ ಮಗಳೂ ಇರಬೇಕೆಂದು ನನಗೆ ಆಸೆ. ಇದ್ದದ್ದು ಅಷ್ಟೇ.

ಕೆಂಪು ಕಾಣಬಾರದೆಂದು ಅವಳಿಗೆ ಕಾಡಿಗೆ ಹಚ್ಚಿದೆ. ತವರಿನಿಂದ ಬಂದ ಕಾಡಿಗೆ, ಹರಳೆಣ್ಣೆ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿದ್ದು. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಅಲ್ಲಿ ನೋಡಿದರೆ ಉಳಿದ ಮಕ್ಕಳದು ಬೋಳು ಕಣ್ಣು. ನಮ್ಮ ಕಡೆ ಕಾಡಿಗೆ ಇಲ್ಲದ ಕೂಸನ್ನು ಫೋಟೋಕ್ಕೆ ನಿಲ್ಲಿಸಿದರೆ ತಾಯಿ ಇಲ್ಲದ ಕೂಸೇನು ಎಂದು ಕೇಳುತ್ತಾರೆ. ಹನ್ನೊಂದು ಮಕ್ಕಳು — ಒಂದೇ ಡಬ್ಬಿ, ಒಂದೇ ಬೆರಳು. ಮೊದಲು ಪಿಂಕಿಗೆ ಇನ್ನೊಂದು ಸಲ ತೀಡಿದೆ, ಆಮೇಲೆ ನಿನಗೆ, ಆಮೇಲೆ ಎಲ್ಲರಿಗೂ.

ಹಿಂದಿನ ತಿಂಗಳಷ್ಟೇ ತಾಯಂದಿರ ಸಭೆಯಲ್ಲಿ ನಾನೇ ಭಾಷಣ ಮಾಡಿದ್ದೆ. ಕೂಸಿನ ಕಣ್ಣಿಗೆ ಕಾಡಿಗೆ ಬೇಡ, ಕಣ್ಣು ಬಂದ ಮಗುವಿನ ಟವೆಲ್ ಬೇರೆ ಇಡಿ, ಒಂದು ಕಣ್ಣು ಒರೆಸಿದ ಹತ್ತಿ ಇನ್ನೊಂದು ಕಣ್ಣಿಗೆ ಮುಟ್ಟಿಸಬೇಡಿ, ಡಾಕ್ಟರಿಗೆ ತೋರಿಸದೆ ಯಾವ ಔಷಧಿಯೂ ಬೇಡ. ಎಲ್ಲ ಗೊತ್ತಿತ್ತು ನನಗೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅನ್ನುತ್ತಾರಲ್ಲ, ಆ ಮಾತಿಗೆ ನನಗಿಂತ ತಕ್ಕವಳು ಯಾರಿದ್ದಾಳೆ.

ಮೂರನೇ ದಿನ ತಾಯಂದಿರೆಲ್ಲ ಗುಂಪಾಗಿ ಬಂದರು. ಕಂಕುಳಲ್ಲಿ ಮಕ್ಕಳು, ಎಲ್ಲರ ಕಣ್ಣೂ ಊದಿಕೊಂಡು ಅಂಟಂಟು. ಮುಂದೆ ನಿಂತವಳು ಕೂಗಿದಳು:

"ಏನ್ರಿ ಟೀಚರ್, ನಿಮ್ಮ ಬಲ್ಲಿ ಕಳಿಸಿದ್ರ ಹುಡುಗೂರಿಗಿ ಕಣ್ಣು ಬಂದಾವಲ್ರಿ! ಯಾರ ಕೂಸಿಂದ ಬಂತ್ರಿ ಇದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪಿಂಕಿಯನ್ನು ಸೆರಗಿನೊಳಗೆ ಎಳೆದುಕೊಂಡೆ. ರೆಹಾನಾ ಹಿತ್ತಲಲ್ಲಿ ಅಕ್ಕಿ ತೊಳೆಯುತ್ತಿದ್ದಳು. ನಿನಗೂ ಅಂದೇ ಬೆಳಿಗ್ಗೆ ಕಣ್ಣು ಅಂಟಿತ್ತು. ನಾನು ಅಂದೆ:

"ರೆಹಾನಾನ ಕೂಸಿಂದ ಇರಬೇಕ್ರಿ. ಅವರ ಮನ್ಯಾಗ ಸುರ್ಮಾ ಹಚ್ತಾರಲ್ರಿ."

ಬಾಯಿಂದ ಬಿದ್ದ ಮಾತು ಕೇಳಿ ನಾನೇ ದಂಗಾದೆ. ಅದಕ್ಕಿಂತ ಹೆಚ್ಚು ದಂಗಾದದ್ದು — ಯಾರೂ ಒಂದು ಎದುರು ಪ್ರಶ್ನೆ ಕೇಳಲಿಲ್ಲ. ಸುರ್ಮಾ, ಅದೂ ಕಣ್ಣಿಗೆ ಹಚ್ಚುವ ಕಪ್ಪೇ, ಆದರೆ ಆ ಹೆಸರು ಅಂದದ್ದೇ ಸಾಕಾಯಿತು. ರೆಹಾನಾ ಅನ್ನುವ ಬದಲು ಆ ಗುಂಪಿನಲ್ಲಿದ್ದ ಕಲಾವತಿ ಅಂದಿದ್ದರೆ ಹತ್ತು ಪ್ರಶ್ನೆ ಬರುತ್ತಿದ್ದವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಆ ಹೆಸರು ನಾಲಿಗೆಗೆ ಬಂತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಅಂದು ಸಂಜೆ ನಿಮ್ಮ ಅಮ್ಮಿ ನಿನ್ನನ್ನು ಎತ್ತಿಕೊಂಡು ಮನೆಮನೆಗೆ ಹೋದಳು. ಎಲ್ಲರ ಮುಂದೆ ತಪ್ಪಾಯಿತು ಎಂದಳು. ಕೊನೆಗೆ ನಮ್ಮ ಮನೆಗೂ ಬಂದಳು. ಹೊಸ್ತಿಲ ಹೊರಗೇ ನಿಂತು —

"ಟೀಚರ್, ನಿಮ್ಮ ಪಿಂಕಿಗೂ ನಮ್ಮಿಂದೇ ಹತ್ತ್ಯಾದ್ರಿ. ಮಾಫ್ ಮಾಡ್ರಿ. ಸುರ್ಮಾ ಡಬ್ಬಿ ತಿಪ್ಪಿಗಿ ಒಗದು ಬಂದೀನ್ರಿ."

"ಇರ್ಲಿ ಬಿಡು ರೆಹಾನಾ, ಹುಡುಗೂರಿಗಿ ಆಗೋದೇ ಅದು," ಅಂದೆ.

ಕ್ಷಮಿಸಿದೆ, ಮುಸ್ಕಾನ್. ನಾನು — ಅವಳನ್ನು — ಕ್ಷಮಿಸಿದೆ.

ಭಾಲ್ಕಿಯ ಡಾಕ್ಟರು ಬರೆದುಕೊಟ್ಟ ಡ್ರಾಪ್ಸಿನಿಂದ ವಾರದೊಳಗೆ ಎಲ್ಲ ಮಕ್ಕಳ ಕಣ್ಣೂ ತಿಳಿಯಾದವು. ಆದರೆ ರೆಹಾನಾ ಮುಖ ತೊಳೆಸಬಾರದು ಎಂದರು ತಾಯಂದಿರು. ಆಮೇಲೆ ಅವಳು ಮಾಡಿದ ಅಡುಗೆಯೂ ಬೇಡವಾಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ತಿಂಗಳು ಕಳೆಯುವುದರಲ್ಲಿ ಅವಳೇ ಕೆಲಸ ಬಿಟ್ಟಳು. ನಿಮ್ಮ ಅಬ್ಬಾಗೆ ಬೀದರ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸ ಸಿಕ್ಕಿತು, ನೀವು ಬೀದರಿಗೆ ಹೋದಿರಿ. ನಾನು ನಿಟ್ಟುಸಿರುಬಿಟ್ಟೆ. ದುಃಖದಿಂದಲ್ಲ, ಸಮಾಧಾನದಿಂದ.

ಹೋದ ವಾರ ಬೀದರಿನಲ್ಲಿ ಔರಾದ ಬಸ್ಸು ಹತ್ತಿದೆ. ಜೊತೆಗೆ ನನ್ನ ದೊಡ್ಡ ಮಗಳು, ಅವಳ ಎಂಟು ತಿಂಗಳ ಕೂಸು. ಪಕ್ಕದ ಸೀಟಿನಲ್ಲಿ ರೆಹಾನಾ, ಅವಳ ಜೊತೆ ನೀನು! ನನ್ನನ್ನು ಕಂಡು ಎಷ್ಟು ಸಂತೋಷಪಟ್ಟಳು — ಏನೂ ಆಗಿಯೇ ಇಲ್ಲ ಎಂಬಂತೆ ಕೈ ಹಿಡಿದುಕೊಂಡು ಮಾತಾಡಿದಳು. ಕೂಸು ನಿನ್ನ ಕಡೆ ಬಾಗಿ ಎರಡೂ ಕೈ ಚಾಚಿತು. "ಎತ್ಕೊಳವ್ವ, ನಿನ್ನ ಬಲ್ಲಿ ಬರ್ತೀನಿ ಅಂತದ," ಅಂದೆ. ನೀನು ಕೈ ಹಿಂದಕ್ಕೆ ಎಳೆದುಕೊಂಡು ದುಪಟ್ಟಾದೊಳಗೆ ಮುಚ್ಚಿಕೊಂಡೆ.

"ಬ್ಯಾಡ್ರಿ ಟೀಚರ್. ನನ್ನ ಕೈಲಿಂದ ಸಣ್ಣ ಹುಡುಗೂರಿಗಿ ಕಣ್ಣು ಬರ್ತಾವ್ರಿ."

ನಿಮ್ಮ ಅಮ್ಮಿ ನಕ್ಕಳು. "ಆಕಿ ಹಂಗೇ ಅದಾಳ್ರಿ. ಊರಾಗ ಆಗಿದ್ದು ಒಮ್ಮಿ ಹೇಳಿದ್ದೆ, ತಲ್ಯಾಗ ಹಿಡಕೊಂಡು ಕುಂತಾಳ. ತಮ್ಮ ಹುಟ್ಟಿದಾಗ ಅವನಿಗೂ ಮುಟ್ಟಿಲ್ರಿ."

ಹದಿನಾಲ್ಕು ವರ್ಷದ ಹುಡುಗಿ, ತನ್ನ ಕೈಯನ್ನೇ ಬೇನೆ ಎಂದುಕೊಂಡು — ಇಷ್ಟು ವರ್ಷ — ಆಗಲೇ ಹೇಳಬೇಕಿತ್ತು. ಬಸ್ಸು ತುಂಬಿತ್ತು, ಮಗಳು ಪಕ್ಕದಲ್ಲಿದ್ದಳು, ಮರ್ಯಾದೆ ಹೋದೀತು ಅನ್ನಿಸಿತು. ಔರಾದಿನಲ್ಲಿ ಇಳಿದು "ಬರ್ತೇನಿ ರೆಹಾನಾ" ಅಂದು ಹೊರಟುಬಿಟ್ಟೆ. ಹನ್ನೆರಡು ವರ್ಷದ ಹಿಂದಿನದು ಒಂದು ತಪ್ಪಾದರೆ, ಇದು ಎರಡನೆಯದು. ಅವತ್ತು ಗಾಬರಿಯಲ್ಲಿ ಬಾಯಿ ಜಾರಿತು ಎಂದಾದರೂ ಅನ್ನಬಹುದಿತ್ತು. ಬಸ್ಸಿನಲ್ಲಿ ನನಗೆ ಎರಡು ತಾಸು ಸಮಯವಿತ್ತು.

ಮನೆಗೆ ಬಂದು ಪಿಂಕಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಅವ್ವಾ, ಆಕಿಗಿ ಹೇಳಿ ಬಂದಿ ಏನು?" ಇಲ್ಲ ಅಂದೆ. ಎದ್ದುಹೋದಳು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಬರುವ ತಾಯಂದಿರ ಸಭೆಗೆ ಆ ಹಳೆಯ ತಾಯಂದಿರನ್ನೂ ಕರೆದಿದ್ದೇನೆ. ಅವರ ಮುಂದೆ ಕಾಡಿಗೆಯ ಮಾತು, ಸುರ್ಮಾದ ಮಾತು ಎರಡನ್ನೂ ಹೇಳುತ್ತೇನೆ. ಅದಕ್ಕೂ ಮೊದಲು, ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಇದನ್ನು ಅಂಚೆಗೆ ಹಾಕಬಹುದಿತ್ತು. ಆದರೆ ನಿಮ್ಮ ಅಮ್ಮಿಗೆ ಕನ್ನಡ ಓದಲು ಬಾರದು, ನೀನೇ ಓದಿ ಹೇಳಬೇಕಾಗುತ್ತದೆ — ನನ್ನ ತಪ್ಪನ್ನು ಮತ್ತೆ ನಿನ್ನ ಬಾಯಿಂದ ಹೇಳಿಸಲಾರೆ. ನಾನೇ ಓದುತ್ತೇನೆ. ಬರೆದುಕೊಳ್ಳದೆ ಬಂದರೆ ನಡುವೆ ಇನ್ನೊಂದು ಸುಳ್ಳು ನುಸುಳೀತೆಂದು ಬರೆದುಕೊಂಡಿದ್ದೇನೆ. ಓದಿ ಮುಗಿದ ಮೇಲೆ ನೀವು ಏನಂದರೂ ಅನ್ನಿರಿ, ಏನೂ ಅನ್ನದೆ ಬಾಗಿಲು ಹಾಕಿಕೊಂಡರೂ ಸರಿ. ಇರಲಿ ಬಿಡಿ ಎಂದು ಮಾತ್ರ ನಿಮ್ಮ ಅಮ್ಮಿ ಅನ್ನದಿರಲಿ.

ನಿನ್ನ ತಮ್ಮನಿಗೆ ಈಗ ಆರು ವರ್ಷವಂತೆ. ಅವನು ಕೂಸಾಗಿದ್ದಾಗ ನೀನು ಅವನನ್ನು ಎತ್ತಿಕೊಳ್ಳಬಹುದಿತ್ತು, ಮುಸ್ಕಾನ್.