ಕಣ್ಣಿಗೆ ಒಂದೇ ಕಂಡ ಜೇನು

ಸಾಗರದ ಕಾಲೇಜೊಂದರಲ್ಲಿ ನಾನು ಜಾವಾ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಗೆ ಹೊಸನಗರದಿಂದ ಒಬ್ಬಳು ಬಸ್ಸಿನಲ್ಲಿ ಬರುತ್ತಿದ್ದಳು. ಮದುವೆಯಾಗಿ, ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ತಾನೂ ಡಿಗ್ರಿಗೆ ಸೇರಿದವಳು. ಸಹಪಾಠಿಗಳೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು.

ಸ್ಟ್ರಿಂಗ್‌ಗಳನ್ನು, ಅಂದರೆ ಅಕ್ಷರಗಳ ಸಾಲುಗಳನ್ನು, ಹೋಲಿಸುವ ಪಾಠವನ್ನು ನಾನು ಪ್ರತಿವರ್ಷ ಒತ್ತಿ ಹೇಳುತ್ತೇನೆ. ಎರಡು ಪದಗಳ ನಡುವೆ ಜೋಡಿ ಸಮಚಿಹ್ನೆ ಹಾಕಿದರೆ, ಎರಡೂ ಮೆಮೊರಿಯಲ್ಲಿರುವ ಒಂದೇ ವಸ್ತುವೇ ಎಂದಷ್ಟೇ ಕಂಪ್ಯೂಟರ್ ನೋಡುತ್ತದೆ. ಒಳಗಿನ ಅಕ್ಷರಗಳನ್ನು ಹೋಲಿಸಲು ‘ಈಕ್ವಲ್ಸ್’ ಬೇಕು. ಬಿಡಿ ಅಕ್ಷರವಾದರೆ ಸಮಚಿಹ್ನೆಯೇ ಸಾಕು.

ಪ್ರಾಜೆಕ್ಟಿಗೆಂದು ಅವಳು ತನ್ನೂರಿನ ಗ್ರಂಥಾಲಯಕ್ಕೆ ಒಂದು ಪ್ರೋಗ್ರಾಂ ಬರೆದಳು. ವಿಷಯದ ಹೆಸರು ಕೊಟ್ಟರೆ ಪುಸ್ತಕಗಳ ಪಟ್ಟಿ ಬರಬೇಕು. ಒಂದು ಸೋಮವಾರ ಸಪ್ಪೆ ಮುಖ ಮಾಡಿಕೊಂಡು ಬಂದಳು.

“ಮೇಡಂ, ಲೈಬ್ರರಿ ಸರ್ ‘ಜೇನು’ ಅಂತ ಟೈಪ್ ಮಾಡಿದ್ರು. ಪುಸ್ತಕ ಇಲ್ಲ ಅಂತ ಬಂತು. ಅವ್ರ ಬೆನ್ನ ಹಿಂದಿನ ಕಪಾಟಲ್ಲೇ ಮೂರು ಇದಾವೆ!”

“ಸಮಚಿಹ್ನೆ ಹಾಕಿದ್ಯಾ?”

“ಇಲ್ಲ ಮೇಡಂ, ಈಕ್ವಲ್ಸೇ ಹಾಕಿದೀನಿ.”

ನೋಡಿದೆ. ತಪ್ಪೇನೂ ಇರಲಿಲ್ಲ. ಪಟ್ಟಿಯ ‘ಜೇನು’, ಟೈಪ್ ಮಾಡಿದ ‘ಜೇನು’, ಎರಡೂ ಪರದೆಯ ಮೇಲೆ ತದ್ರೂಪ. ಇಡೀ ತರಗತಿಯ ಮುಂದೆ ಹೇಳಬೇಕಾಯಿತು: “ನಂಗೂ ಗೊತ್ತಾಗ್ತಿಲ್ಲ ಮಾರಾಯ್ತಿ.”

ಗುರುವಾರ ಲ್ಯಾಬಿಗೆ ಓಡಿಕೊಂಡೇ ಬಂದಳು. ಎರಡೂ ಪದಗಳನ್ನು ಒಂದೊಂದೇ ಕ್ಯಾರೆಕ್ಟರ್ ಆಗಿ ಬಿಡಿಸಿ, ಪ್ರತಿಯೊಂದಕ್ಕೂ ಕಂಪ್ಯೂಟರಿನಲ್ಲಿರುವ ಸಂಖ್ಯೆ ಬರೆದು ತಂದಿದ್ದಳು. ಒಂದು ಪದದಲ್ಲಿ ನಾಲ್ಕು ಕ್ಯಾರೆಕ್ಟರ್, ಇನ್ನೊಂದರಲ್ಲಿ ಐದು.

“ಹಳೇ ಪಟ್ಟೀಲಿ ‘ಜೆ’ ಹಾಕಿ, ಅದಕ್ಕೆ ದೀರ್ಘದ ಗುರುತು ಬೇರೆಯಾಗಿ ಕೊಟ್ಟಿದಾರೆ ಮೇಡಂ. ಸರ್ ಟೈಪ್ ಮಾಡಿದ್ರಲ್ಲಿ ‘ಜೇ’ದು ಒಂದೇ ಗುರುತು. ನಮ್ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಮೊದ್ಲು ಎರಡನ್ನೂ ಒಂದೇ ರೂಪಕ್ಕೆ ತಂದೆ. ಆಮೇಲೆ ಹೋಲಿಸ್ದೆ.”

ಅಷ್ಟು ವರ್ಷ ಇಂಗ್ಲಿಷ್ ಪದಗಳನ್ನೇ ಉದಾಹರಣೆ ಕೊಡುತ್ತಿದ್ದ ನನಗೆ ಈ ತೊಡಕು ಎದುರಾಗಿಯೇ ಇರಲಿಲ್ಲ. ನಾಚಿಕೆ ಆಗಬೇಕಿತ್ತೇನೋ, ಆದದ್ದು ಹೆಮ್ಮೆ.

ಆ ಶನಿವಾರ ನಾನೂ ಅವಳ ಜೊತೆ ಹೊಸನಗರಕ್ಕೆ ಹೋದೆ. ಗ್ರಂಥಪಾಲಕರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಮೂರು ಪುಸ್ತಕಗಳ ಹೆಸರೂ ಬಂದವು. “ಬಂತು ನೋಡ್ರೀ!” ಎಂದು ಅವರು ಓದುತ್ತ ಕುಳಿತವರಿಗೆಲ್ಲ ಕೇಳುವಂತೆ ಕೂಗಿದರು.

ಈಗ ಅವಳು ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಸ್ಟ್ರಿಂಗ್ ಹೋಲಿಸುವ ಪಾಠ ಬಂದಾಗ ವರ್ಷಕ್ಕೊಮ್ಮೆ ಅವಳನ್ನು ನನ್ನ ತರಗತಿಗೆ ಕರೆಸುತ್ತೇನೆ. ಆ ಒಂದು ಗಂಟೆ ಪಾಠ ಅವಳದು. ನಾನು ಕೊನೆಯ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತೇನೆ.