ಕಾಕಾ ಆಗದ ವಕೀಲರು

ನಿರೂಪಣೆಯಲ್ಲಿ ಲೋಪವಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಕಡೆ ಊರಿನ ಹೆಸರೇ ಮನೆತನದ ಅಡ್ಡಹೆಸರಾಗುವುದರಿಂದ ಹೆಸರಾಂತ ವಕೀಲರೊಬ್ಬರು, ಗಾಯಕರೊಬ್ಬರು ಮತ್ತು ಕುರಿ ಕಾಯುವ ನಮ್ಮಪ್ಪ ಒಂದೇ ಅಡ್ಡಹೆಸರಿನವರಾಗಿದ್ದರು.

ಎಪ್ಪತ್ತರ ದಶಕದಲ್ಲಿ ಬಿ.ಎ. ಮುಗಿಸಿ, ಕುಂದಗೋಳ ತಾಲೂಕಿನ ಶಾಲೆಯೊಂದರ ಶಿಕ್ಷಕ ಹುದ್ದೆಯ ಸಂದರ್ಶನಕ್ಕೆ ಹೊರಟಿದ್ದೆ. ಅಪ್ಪ ಹೇಳಿದರು: “ಲೇ, ಆ ವಕೀಲರು ನಿನಗ ಏನಾಗಬೇಕಂತ ಕೇಳಿದ್ರ ಕಾಕಾ ಅಂದುಬಿಡು. ಅವರೇನು ಬಂದು ಅಲ್ಲ ಅಂತಾರೇನು?”

ಸಂದರ್ಶನ ಸಮಿತಿಯ ಅಧ್ಯಕ್ಷರು ನನ್ನ ಅಡ್ಡಹೆಸರು ನೋಡಿ ಅದನ್ನೇ ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ:

“ಏನೂ ಆಗಬೇಕಿಲ್ರಿ. ಊರು ಒಂದೇ, ಅಷ್ಟರಿ.”

“ಹಂಗಾರ ಹೋಗಿ ಬರ್ರಿ,” ಎಂದು ಅವರು ನನ್ನ ಅರ್ಜಿಯನ್ನು ಮಗುಚಿಟ್ಟರು.

ಕೆಲಸ ಸಿಗಲಿಲ್ಲ. ಮುಂದಿನ ಜೂನ್‌ನಲ್ಲಿ ತಮ್ಮನನ್ನು ಶಾಲೆಗೆ ಸೇರಿಸುವಾಗ, ಇವನನ್ನಾದರೂ ಯಾರೂ ಹಾಗೆ ಕೇಳಬಾರದೆಂದು ಅಪ್ಪ ಊರಿನ ಹೆಸರು ಬಿಟ್ಟು ನಮ್ಮ ಕಸುಬಿನ ಹೆಸರು ಬರೆಸಿದರು. ಅಂದಿನಿಂದ ಅಣ್ಣತಮ್ಮಂದಿರಾದ ನಮ್ಮಿಬ್ಬರ ಅಡ್ಡಹೆಸರು ಬೇರೆ ಬೇರೆ.