ಐದಕ್ಷರದ ಶನಿವಾರಗಳು

ಆಗ ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಇಯತ್ತೆಯಲ್ಲಿ. ಶನಿವಾರವೆಂದರೆ ಅರ್ಧ ದಿನದ ಶಾಲೆ, ಆಮೇಲೆ ಲಗೋರಿ, ಮನೆಗೆ ಬಂದರೆ ಬಿಸಿ ಗಂಜಿ, ಸುಟ್ಟ ಹಲಸಿನ ಹಪ್ಪಳ. ನಿಮಗೂ ಇಂಥ ಶನಿವಾರಗಳು ನೆನಪಿರಬಹುದು. ನನಗೆ ಮಾತ್ರ ಏಳನೇ ಇಯತ್ತೆಯ ಆ ಮಳೆಗಾಲದಲ್ಲಿ ಶುಕ್ರವಾರ ಸಂಜೆಯೇ ನಾಳೆ ಬಾರದಿರಲಿ ಎನಿಸುತ್ತಿತ್ತು.

ಇಂಗ್ಲಿಷ್ ಕಲಿಸುವ ಅಕ್ಕೋರು ಪ್ರತಿ ಶನಿವಾರ ಬೋರ್ಡಿನ ಮೇಲೆ ಒಂದು ಅಕ್ಷರ ಬರೆಯುತ್ತಿದ್ದರು. ಆ ಅಕ್ಷರ ಎಲ್ಲಾದರೂ ಬರುವ, ಸರಿಯಾಗಿ ಐದೇ ಅಕ್ಷರದ ಶಬ್ದವೊಂದನ್ನು ನಾವು ಒಬ್ಬೊಬ್ಬರೇ ಎದ್ದು ಹೇಳಬೇಕು. ಕನ್ನಡದಲ್ಲಿ ಅದರ ಅರ್ಥವನ್ನೂ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಅಕ್ಕೋರು ಫೂಟ್‌ಪಟ್ಟಿಯಿಂದ ಮೇಜು ಕುಟ್ಟುತ್ತ ಐದು ಎಣಿಸುವುದರೊಳಗೆ ಹೇಳದಿದ್ದರೆ ಆಟದಿಂದ ಹೊರಗೆ. ಆ ಮಳೆಗಾಲದ ಕೊನೆಗೆ ಎಲ್ಲರಿಗಿಂತ ಮುಂದಿರುವವರು ಹೊನ್ನಾವರದಲ್ಲಿ ನಡೆಯುವ ಇದೇ ಆಟದ ತಾಲೂಕು ಸ್ಪರ್ಧೆಗೆ.

ನನಗೆ ಶಬ್ದಗಳು ಗೊತ್ತಿದ್ದವು. ಅವು ಬಾಯಿಗೆ ಬರುತ್ತಿರಲಿಲ್ಲ. ನಾನು ಉಗ್ಗುತ್ತಿದ್ದೆ. ಪ, ಬ, ಮ ಎಂದು ತುಟಿ ಕೂಡಿಸಿ ಶಬ್ದ ಶುರುಮಾಡಬೇಕಾದ ಕಡೆಯೆಲ್ಲ ತುಟಿ ಅಂಟಿಕೊಂಡು ಬಿಡುತ್ತಿತ್ತು. ಹಿಂದಿನ ವರ್ಷ ಆಗಸ್ಟ್ ಹದಿನೈದಕ್ಕೆ ಭಾಷಣ ಮಾಡಲು ಹೋಗಿ ಮೊದಲ ಶಬ್ದದಲ್ಲೇ ಸಿಕ್ಕಿಬಿದ್ದು, ಇಡೀ ಶಾಲೆ ನಕ್ಕ ಮೇಲೆ ನಾನು ಮನೆಯ ಹೊರಗೆ ಹೆಚ್ಚುಕಡಿಮೆ ಮಾತೇ ಬಿಟ್ಟಿದ್ದೆ.

ನನ್ನ ಸಂಕಟ ಗಣಪಣ್ಣನಿಗೆ ತಿಳಿಯಿತು. ನನ್ನ ಅಣ್ಣ ಅವನು. ಪಿಯುಸಿ ಫೇಲಾಗಿ ಬಸ್‌ಸ್ಟಾಪಿನ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದ. ಸಂಜೆ ಶಾಲೆ ಬಿಟ್ಟವಳು ಅಲ್ಲಿಗೆ ಹೋಗುತ್ತಿದ್ದೆ. ಪಕ್ಕದ ಹೋಟೆಲಿನಿಂದ ಗೋಳಿಬಜೆಯ ಕಾದೆಣ್ಣೆಯ ವಾಸನೆ ಬೂತಿನೊಳಗೆಲ್ಲ ತುಂಬಿರುತ್ತಿತ್ತು. ಕಾಲ್ ಮಾಡುವವರು ಇಲ್ಲದಾಗ ಅಣ್ಣ ಹಳೇ ಡಿಕ್ಷನರಿ ತೆಗೆದು ನನಗೆ ಬೇಕಾದ ಶಬ್ದ ಹುಡುಕುತ್ತಿದ್ದ.

"ಪಿ ಮೊದ್ಲಿಗೇ ಬರಬೇಕು ಅಂತ ಅಕ್ಕೋರು ಹೇಳ್ಲಿಲ್ಲ ಅಲ್ಲ? ನಡೂಗೆ ಇದ್ರೂ ಆತು," ಎಂದ ಒಂದು ದಿನ.

ಅಲ್ಲಿಂದ ನಮ್ಮ ಬೇಟೆ ಶುರುವಾಯಿತು. ಪೇಪರ್ ಬಿಟ್ಟು ಆಪಲ್, ಸೇಬು. ಮನಿ ಬಿಟ್ಟು ಲೆಮನ್, ನಿಂಬೆ. ಆದರೆ ಇಂಗ್ಲಿಷಿನಲ್ಲಿ ತಪ್ಪಿಸಿಕೊಂಡರೆ ಕನ್ನಡ ಹಿಡಿದುಹಾಕುತ್ತಿತ್ತು. ಟೇಬಲ್ ಸಲೀಸು, ಅದರ ಅರ್ಥ ಮೇಜು. ಅಬೌಟ್ ಸಲೀಸು, ಅದರ ಅರ್ಥ ಬಗ್ಗೆ. ಎರಡು ಕಡೆಯೂ ತುಟಿ ಅಂಟದ ಶಬ್ದ ಬೇಕಿತ್ತು. ಹಾಗೆ ಹುಡುಕುವಾಗಲೇ ಬರವಣಿಗೆಯಲ್ಲಿ ಬಿ ಇದ್ದೂ ಬಾಯಲ್ಲಿ ಕೇಳಿಸದ ಶಬ್ದಗಳು ಸಿಕ್ಕವು. ಕ್ಲೈಮ್, ಹತ್ತುವುದು. ಥಮ್, ಹೆಬ್ಬೆರಳು. ಡೌಟ್, ಅನುಮಾನ. ಅವನ್ನು ಕಂಡಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ?

ಮಳೆಗಾಲದ ಕೊನೆಗೆ ಅಕ್ಕೋರು ಸ್ಪರ್ಧೆಗೆ ನನ್ನ ಹೆಸರನ್ನೇ ಬರೆದುಕೊಂಡರು. ಅಮ್ಮ ಬೇಡವೆಂದಳು. ಮತ್ತೆ ಎಲ್ಲರೆದುರು ನಗೆಪಾಟಲಾದರೆ ಇವಳು ಶಾಲೆಯನ್ನೇ ಬಿಟ್ಟಾಳು ಎಂಬ ಹೆದರಿಕೆ ಅವಳಿಗೆ. ನಾನೂ ಜೊತೆಗೆ ಹೋಗುತ್ತೇನೆಂದು ಅಣ್ಣ ಹೇಳಿದ ಮೇಲೆ ಮನಸ್ಸಿಲ್ಲದೆ ಒಪ್ಪಿದಳು.

ಹೊನ್ನಾವರದ ಸಭಾಂಗಣದಲ್ಲಿ ಎಲ್ಲ ಶಾಲೆಗಳ ಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿದರು. ಅಕ್ಷರಗಳು ಒಂದೊಂದೇ ಬಂದವು, ಮಕ್ಕಳು ಒಬ್ಬೊಬ್ಬರೇ ಕೆಳಗಿಳಿದರು. ಕೊನೆಗೆ ಉಳಿದದ್ದು ಪೇಟೆಯ ಶಾಲೆಯ ಹುಡುಗ ಮತ್ತು ನಾನು. ಬಂದ ಅಕ್ಷರ ಬಿ. ಹುಡುಗ ಟೇಬಲ್ ಎಂದ. ನಾನು ಕ್ಲೈಮ್ ಎಂದೆ. ಅವನು ಬ್ರೆಡ್, ನಾನು ಥಮ್. ಅವನು ಬ್ಲಾಕ್, ನಾನು ಡೌಟ್, ಅನುಮಾನ.

ತೀರ್ಪುಗಾರರು ತಲೆ ಎತ್ತಿದರು. "ಅದರಲ್ಲಿ ಬಿ ಎಲ್ಲಿದೆ? ಸ್ಪೆಲಿಂಗ್ ಹೇಳು."

ಇದನ್ನು ಅಣ್ಣನಾಗಲಿ ನಾನಾಗಲಿ ಯೋಚಿಸಿರಲಿಲ್ಲ. ಡಿ, ಓ, ಯು ಎಂದೆ. ಮುಂದೆ ತುಟಿ ಅಂಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬಾಗಿಲ ಹತ್ತಿರ ನಿಂತಿದ್ದ ಅಣ್ಣನನ್ನು ನೋಡಿದೆ. ಅವನು ಅಲುಗಲಿಲ್ಲ. ತೀರ್ಪುಗಾರರ ಕೈ ಗಂಟೆಯತ್ತ ಹೋಯಿತು.

ನಮ್ಮ ಜೊತೆ ಬಂದಿದ್ದ ಅಕ್ಕೋರು ಎದ್ದು ನಿಂತರು. "ಅದು ಹೇಳ್ತದೆ ಸರ್. ಸ್ವಲ್ಪ ತಡೀರಿ."

ಗಂಟೆ ಹೊಡೆದೇ ಬಿಟ್ಟರು. ಸಮಯ ಮುಗಿಯಿತು, ಕೂತುಕೋ ಎಂದರು. ನಾನು ಕೂರಲಿಲ್ಲ. ನಿಂತೇ ಇದ್ದೆ. ಎಷ್ಟು ಹೊತ್ತೋ, ಹೊರಗೆ ಹೋಗುವ ಲಾರಿಗಳ ಸದ್ದು ಮಾತ್ರ. ಕೊನೆಗೆ "ಬಿ" ಎಂಬುದು ಎಷ್ಟು ಜೋರಾಗಿ ಹೊರಬಿತ್ತೆಂದರೆ ನಾನೇ ಬೆಚ್ಚಿದೆ. ಆಮೇಲೆ ಟಿ ಎಂದು ಹೇಳಿ ಕೂತೆ.

ಬಹುಮಾನ ಆ ಹುಡುಗನಿಗೆ ಹೋಯಿತು. ಚಪ್ಪಾಳೆಯೂ ಅವನಿಗೇ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅಣ್ಣ ಬನ್ಸ್, ಚಾ ತರಿಸಿದ.

"ಗಂಟೆ ಹೊಡದ್ ಮೇಲೆ ಎಂತಕ್ಕೆ ಹೇಳ್ದೆ?" ಎಂದು ಕೇಳಿದ.

"ಬ... ಬಿ ಇತ್ತಲ್ಲ ಅದ್ರಲ್ಲಿ," ಎಂದೆ.

ಅವನು ಮುಖ ಆಚೆ ತಿರುಗಿಸಿ ಚಾ ಕುಡಿದ.

ಮನೆಗೆ ಮರಳುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮೀನು ಮಾರುವ ಹೆಂಗಸು, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, "ಹೆಸ್ರೆಂತ ಮಗಾ?" ಎಂದಳು. ಅಂಥ ಪ್ರಶ್ನೆಗೆಲ್ಲ ಉತ್ತರ ಅಣ್ಣನೇ ಹೇಳುವುದು ರೂಢಿ. ಅವತ್ತು ಅವನು ಕಿಟಕಿಯಿಂದ ಶರಾವತಿಯನ್ನು ನೋಡುತ್ತ ಕೂತ. ನಾನು ಶುರುಮಾಡಿದೆ. ಪ ಎಂಬಲ್ಲಿ ನಿಂತೆ, ಮತ್ತೆ ಹೊರಟೆ, ಮತ್ತೆ ನಿಂತೆ. ಆ ಹೆಂಗಸಿಗೆ ಯಾವ ಅವಸರವೂ ಇರಲಿಲ್ಲ. ಪದ್ಮಾವತಿ ಎಂದು ನಾನು ಹೇಳಿ ಮುಗಿಸುವಾಗ ಬಸ್ಸು ಸೇತುವೆ ದಾಟಿತ್ತು.

ಈಗ ನಾನು ಕುಮಟಾದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ಮಾತಾಡುತ್ತೇನೆ. ಉಗ್ಗು ದಣಿವಾದಾಗ ಮಾತ್ರ ಬರುತ್ತದೆ. ಮಗಳು ಮೊಬೈಲಿನಲ್ಲಿ ಐದಕ್ಷರದ ಆಟ ಆಡುತ್ತಾಳೆ. ಬೇಕಾದ ಅಕ್ಷರ ಒತ್ತಿದರೆ ಶಬ್ದಗಳೆಲ್ಲ ಅರ್ಥ ಸಮೇತ ಸಾಲಾಗಿ ಬಂದು ನಿಲ್ಲುತ್ತವೆ. ಬೂತು ಮುಚ್ಚಿ ಎಷ್ಟೋ ವರ್ಷಗಳಾದವು. ಅಣ್ಣನ ಹಾರ್ಡ್‌ವೇರ್ ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಗಿರಾಕಿಗಳು ಸದಾ ಎದುರಿಗಿರುತ್ತಾರೆ. ರಾತ್ರಿ ಫೋನಿನಲ್ಲಿ ನಾನು ಎಲ್ಲಾದರೂ ತಡವರಿಸಿದರೆ, ಅವತ್ತು ಬಸ್ಸಿನಲ್ಲಿ ಕಾದಂತೆ ಕಾಯದೆ, ಆ ಶಬ್ದವನ್ನು ಅವನೇ ಹೇಳಿ ಮುಂದಕ್ಕೆ ಹೋಗುತ್ತಾನೆ. ಅವನು ಹೇಳುವ ಶಬ್ದ ಸರಿಯಾಗಿಯೇ ಇರುತ್ತದೆ. ನಾನೂ ಹೂಂ ಎನ್ನುತ್ತೇನೆ.